ದೆವ್ವದ ಪರವಾಗಿ ಒಂದು ಚೀಟಿ

“ದೆವ್ವ ಪಾಪ ಅಂತೆ!”

ಜಗನ್ ಹಾಗೆ ಕೂಗಿದ್ದೇ ತಡ, ಆರನೇ ಕ್ಲಾಸಿನ ಎ ಸೆಕ್ಷನ್ ಪೂರ್ತಿ ಗೊಳ್ಳೆಂದು ನಕ್ಕಿತು. ಲೈಬ್ರರಿಯ ಮಧ್ಯೆ ನಿಂತಿದ್ದ ಆದಿಲಕ್ಷ್ಮಿ ಓದುವುದನ್ನು ನಿಲ್ಲಿಸಿದಳು. ಅವಳ ಚೀಟಿಯಲ್ಲಿ ಇನ್ನೂ ಐದು ಸಾಲು ಉಳಿದಿತ್ತು.

“ಸೈಲೆನ್ಸ್! ಅವಳು ಓದಿ ಮುಗಿಸ್ಲಿ,” ಎಂದರು ಲೈಬ್ರರಿ ನೋಡಿಕೊಳ್ಳುವ ಮಾರಿಯಾ ಮಿಸ್. “ಓದಮ್ಮ ಆದಿ.”

ಆದಿ ಓದಿದಳು. ದನಿ ಮೊದಲಿಗಿಂತ ಸಣ್ಣಗಾಗಿತ್ತು.

“ಮೂವತ್ತು ವರ್ಷ ಎಲ್ಸಿ ಗೋಡೆ ತಟ್ಟುತ್ತಾಳೆ. ಮನೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ, ಓಡುತ್ತಾರೆ, ಪಾದ್ರಿಯನ್ನು ಕರೆಸುತ್ತಾರೆ. ‘ಯಾರು? ಏನು ಬೇಕು?’ ಎಂದು ಒಬ್ಬರೂ ಕೇಳುವುದಿಲ್ಲ. ಕೊನೆಗೆ ಅವಳನ್ನು ಓಡಿಸಿ ಎಲ್ಲರೂ ಕೇಕ್ ತಿನ್ನುತ್ತಾರೆ. ಅವಳು ಎಲ್ಲಿಗೆ ಹೋದಳು ಅಂತ ಪುಸ್ತಕದಲ್ಲಿ ಬರೆದೇ ಇಲ್ಲ.”

“ಕೇಕ್ ಕೊಡ್ಬೇಕಿತ್ತಾ ದೆವ್ವಕ್ಕೆ?” ಎಂದು ಹಿಂದಿನಿಂದ ಯಾರೋ ಕೇಳಿದರು. ಮತ್ತೆ ನಗು. ಅಷ್ಟರಲ್ಲಿ ಬೆಲ್ ಹೊಡೆಯಿತು. ಮಾರಿಯಾ ಮಿಸ್ ಅವಳ ಚೀಟಿಯನ್ನೂ ಉಳಿದವರ ಚೀಟಿಗಳ ಜೊತೆ ಗೋಡೆಯ ದೊಡ್ಡ ಚಾರ್ಟಿಗೆ ಪಿನ್ ಮಾಡಿದರು.

ಚಾರ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ, ‘ಮಸಿ ಬೀದಿಯ ಮನೆ: ಓದಿದವರು ಏನಂತಾರೆ?’ ಎಂದು ಬರೆದಿತ್ತು.

ಆ ತಿಂಗಳು ಸ್ಕೂಲಿನಲ್ಲೆಲ್ಲ ಅದೇ ಪುಸ್ತಕದ ಮಾತು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ನಡೆಯುವ ಕತೆ. ಎದುರಿಗಿರುವವರ ಮುಖ ಕಾಣದಂಥ ಮಂಜು, ಗ್ಯಾಸ್ ದೀಪಗಳು, ಕುದುರೆ ಗಾಡಿಗಳು. ಟಾಮ್ ಮತ್ತು ನೆಲ್ಲಿ ಎಂಬ ಅಣ್ಣ ತಂಗಿ ತಮ್ಮ ಮಾವನ ಹಳೇ ಮನೆಗೆ ಬರುತ್ತಾರೆ. ಅಲ್ಲಿ ದಿನಾ ಗೋಡೆಯೊಳಗಿಂದ ಟಕ್ ಟಕ್ ಟಕ್ ಎಂದು ಸದ್ದು. ಮೂವತ್ತು ವರ್ಷದ ಹಿಂದೆ ಒಬ್ಬ ಕೆಟ್ಟ ಡಾಕ್ಟರ್ ಎಲ್ಸಿ ಎಂಬ ಹುಡುಗಿಯನ್ನು ಆ ಗೋಡೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದ. ಈಗ ಅವಳೇ ದೆವ್ವ.

ಲೈಬ್ರರಿಯಲ್ಲಿ ಆರೇ ಕಾಪಿ ಇದ್ದವು. ಓದಿದವರು ಕಾರಿಡಾರಿನಲ್ಲಿ ಗುಂಪು ಕಟ್ಟಿಕೊಂಡು, “ಡಾಕ್ಟರ್ ಮೇಲೆ ನಂಗೆ ಫಸ್ಟೇ ಡೌಟ್ ಇತ್ತು ಕಣೋ,” “ಸುಳ್ಳು ಹೇಳ್ಬೇಡ!” ಎಂದು ಮಾತಾಡಿಕೊಳ್ಳುತ್ತಿದ್ದರು. ಆದಿ ಸ್ವಲ್ಪ ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಆದಿಯ ಮನೆಯವರು ಹಲಸೂರಿನಿಂದ ಕೆ.ಆರ್. ಪುರಕ್ಕೆ ಬಂದು ಮೂರು ತಿಂಗಳಾಗಿತ್ತು. ಈ ಸ್ಕೂಲಿನಲ್ಲಿ ಯಾರೂ ಅವಳನ್ನು ಬೈದಿರಲಿಲ್ಲ, ತಳ್ಳಿರಲಿಲ್ಲ. “ರಬ್ಬರ್ ಕೊಡು,” “ಸ್ವಲ್ಪ ಜರುಗು.” ಅವಳ ಜೊತೆ ಯಾರಾದರೂ ಆಡುತ್ತಿದ್ದ ಮಾತು ಅಷ್ಟೇ. ಆ ಪುಸ್ತಕ ಓದಿಬಿಟ್ಟರೆ ತಾನೂ ಕಾರಿಡಾರಿನ ಗುಂಪಿಗೆ ಸೇರಬಹುದು ಎಂದುಕೊಂಡಿದ್ದಳು. ಎರಡು ವಾರ ಕಾದ ಮೇಲೆ ಅವಳ ಸರದಿ ಬಂದಿತ್ತು.

ಈಗ ನೋಡಿದರೆ ಹೀಗಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗೆ ‘ದೆವ್ವದ ಫ್ರೆಂಡ್’ ಎಂದು ಹೆಸರು ಬಿದ್ದಿತ್ತು. ಅವಳು ಬೆಂಚಿನ ತುದಿಯಲ್ಲಿ ಕೂತು, ಚಿತ್ರಾನ್ನದಲ್ಲಿದ್ದ ಕಡಲೆಬೀಜಗಳನ್ನು ಒಂದೊಂದಾಗಿ ಆರಿಸಿ ತಿಂದಳು.

ಸಂಜೆ ಮನೆಯ ಬೀಗ ತೆಗೆದು ಒಳಗೆ ಹೋದಳು. ಅಪ್ಪ ಟೆಂಪೋದಲ್ಲಿ ರಸೆಲ್ ಮಾರ್ಕೆಟ್ಟಿನಿಂದ ಹೋಟೆಲುಗಳಿಗೆ ತರಕಾರಿ ಸಾಗಿಸುತ್ತಾರೆ. ಅಮ್ಮ ಇಂದಿರಾನಗರದ ಒಂದು ಲ್ಯಾಬಿನಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಾಳೆ. ಅಲ್ಲಿಂದ ಟ್ರಾಫಿಕ್ ದಾಟಿ ಬರುವಾಗ ಏಳೂವರೆ ಆಗುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಆದಿ ಒಬ್ಬಳೇ. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಮೆಟ್ಟಿಲ ಮೇಲೆ ಮಕ್ಕಳು ಜೋರಾಗಿ ಓಡಿದರು. ಅವರ ಹೆಸರು ಆದಿಗೆ ಗೊತ್ತಿರಲಿಲ್ಲ.

ಅವಳು ನೋಟ್‌ಬುಕ್ಕಿನಿಂದ ಹಾಳೆ ಹರಿದು ಹೊಸ ಚೀಟಿ ಬರೆದಳು. ಏನು ಬರೆಯಬೇಕೆಂದು ಯೋಚಿಸುವ ಕಷ್ಟವೇ ಇರಲಿಲ್ಲ. ಚಾರ್ಟಿನಲ್ಲಿ ಉಳಿದವರು ಬರೆದದ್ದೆಲ್ಲ ನೆನಪಿತ್ತು.

‘ಸೂಪರ್ ಬುಕ್. ತುಂಬಾ ಭಯ ಆಯಿತು. ದೆವ್ವ ಓಡಿಹೋಗುವ ಸೀನ್ ಬೆಸ್ಟ್. ಫೈವ್ ಸ್ಟಾರ್.’

ಮಾರನೆಯ ದಿನ ಬೇಗ ಹೋಗಿ ಹಳೆಯ ಚೀಟಿ ಕಿತ್ತಳು. ಚೂರು ಚೂರು ಮಾಡಿ ಡಸ್ಟ್‌ಬಿನ್ನಿಗೆ ಹಾಕಿ, ಅದೇ ಜಾಗದಲ್ಲಿ ಹೊಸದನ್ನು ಚುಚ್ಚಿದಳು.

ಅದನ್ನು ಮೊದಲು ನೋಡಿದವಳು ಅವಳ ಕ್ಲಾಸಿನ ಶ್ವೇತ. “ಹಂಗಾದ್ರೆ ನಿಂಗೂ ಭಯ ಆಯ್ತಾ? ನಿನ್ನೆ ಸುಮ್ನೆ ಬಿಲ್ಡಪ್ ಕೊಟ್ಯಾ?” ಎಂದು ನಕ್ಕಳು. “ಬಾ, ಊಟಕ್ಕೆ ನಮ್ ಜೊತೆ ಕೂತ್ಕೊ.”

ಆದಿಗೆ ಎದೆ ಹಗುರವಾಯಿತು. ಮಧ್ಯಾಹ್ನ ಅವಳು ಐದು ಜನರ ನಡುವೆ ಕೂತಳು.

“ನಾನಂತೂ ಎರಡು ದಿನ ಲೈಟ್ ಹಾಕ್ಕೊಂಡೇ ಮಲ್ಗಿದ್ದೆ. ನೀನು?” ಎಂದು ಶ್ವೇತ ಕೇಳಿದಳು.

“ನಾನೂ,” ಎಂದಳು ಆದಿ.

“ಯಾವ ಸೀನ್‌ಗೆ ಜಾಸ್ತಿ ಹೆದ್ರಿಕೆ ಆಯ್ತು?”

“ಅದೇ... ಗೋಡೆ ತಟ್ಟೋದು.”

“ನಂಗೂ!” ಎಂದಳು ಶ್ವೇತ. ಎಲ್ಲರೂ ತಲೆ ಆಡಿಸಿದರು. ಆಮೇಲೆ ಮಾತು ಯಾರದೋ ಬರ್ತ್‌ಡೇಗೆ ಹೊರಳಿತು. ಆ ಬರ್ತ್‌ಡೇಗೆ ಇವರೆಲ್ಲ ಹೋಗಿದ್ದರು. ಆದಿ ಎಲ್ಲರೂ ನಕ್ಕಾಗ ನಕ್ಕಳು. ಆಚೆ ಈಚೆ ಕೂತವರ ಮೊಣಕೈ ಅವಳಿಗೆ ತಾಗುತ್ತಿತ್ತು. ಆದರೂ ಬೆಂಚಿನ ತುದಿಯಲ್ಲಿ ಕೂತಾಗ ಆಗುತ್ತಿದ್ದ ಹಾಗೇ ಆಗುತ್ತಿತ್ತು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಕೈ ತೊಳೆದು ಬರುವಾಗ ಲೈಬ್ರರಿಯ ಬಾಗಿಲಲ್ಲಿ ಒಬ್ಬ ಹುಡುಗಿ ದಾರಿಗೆ ಅಡ್ಡ ನಿಂತಳು. ಬಿ ಸೆಕ್ಷನ್ನಿನವಳು. ದಪ್ಪ ಕನ್ನಡಕ, ಕೈಯಲ್ಲಿ ಮಡಚಿದ ಎರಡು ಹಾಳೆ.

“ನೀನೇನಾ ಆದಿಲಕ್ಷ್ಮಿ?”

“ಹೂಂ.”

“ನಾನು ಮಾಹಿರಾ. ನಿನ್ನೆ ನಮ್ ಲೈಬ್ರರಿ ಪೀರಿಯಡ್‌ನಲ್ಲಿ ನಿನ್ ಚೀಟಿ ಓದ್ದೆ. ಎಲ್ಸಿದು. ಅದೆಲ್ಲಿ ಹೋಯ್ತು?”

“ಚೇಂಜ್ ಮಾಡ್ದೆ.”

“ಅರೆ, ಯಾಕೆ?” ಮಾಹಿರಾಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ನಾನು ಮನೇಲಿ ಕೂತು ಅದಕ್ಕೆ ಆನ್ಸರ್ ಬರ್ದಿದೀನಿ. ಎರಡು ಪೇಜ್! ಈಗ ಇದನ್ನ ಎಲ್ಲಿ ಹಾಕ್ಲಿ? ಸೂಪರ್ ಬುಕ್, ಫೈವ್ ಸ್ಟಾರ್ ಅನ್ನೋದಕ್ಕೆ ಏನು ಆನ್ಸರ್ ಬರೆಯೋದು?”

ಆದಿ ಆ ಹಾಳೆಗಳ ಕಡೆ ನೋಡಿದಳು. “ಏನಂತ ಬರ್ದಿದೀಯಾ?” ಎಂದಳು.

“ನೀನು ಹೇಳಿದ್ದು ರಾಂಗ್ ಅಂತ. ಎಲ್ಸಿ ಪಾಪ ಏನಲ್ಲ. ಕೆಲಸದ ಅಜ್ಜೀನ ಮೆಟ್ಟಿಲಿಂದ ತಳ್ಳಿದ್ದು ಯಾರು? ಪೇಜ್ ನೂರ ಹನ್ನೆರಡು.”

“ತಳ್ಳಿಲ್ಲ!” ಆದಿಯ ಬಾಯಿಂದ ಮಾತು ತಾನಾಗಿ ಹೊರಬಿತ್ತು. “ಅಜ್ಜಿ ಹೆದ್ರಿ ಜಾರಿದ್ದು. ಎಲ್ಸಿ ಹಿಡ್ಕೊಳ್ಳೋಕೆ ಹೋಗಿದ್ದು.”

“ಬೆನ್ನ ಮೇಲೆ ತಣ್ಣಗಿನ ಕೈ ಇತ್ತು ಅಂತ ಬರ್ದಿದೆ.”

“ಕೈ ಇದ್ರೆ ತಳ್ದಂಗಾ? ಬೀಳೋರನ್ನ ಹಿಡ್ಕೊಳ್ಳೋಕೂ ಕೈ ಬೇಕಲ್ವಾ?”

“ಹಿಡ್ಕೊಳ್ಳೋರು ಬೆನ್ನಿಗೆ ಕೈ ಇಡ್ತಾರಾ? ತೋಳು ಹಿಡೀತಾರೆ!”

“ಬಾ, ನೋಡೋಣ!”

ಇಬ್ಬರೂ ಒಳಗೆ ನುಗ್ಗಿದರು. ಕಪಾಟಿನಲ್ಲಿ ಒಂದೇ ಕಾಪಿ ಉಳಿದಿತ್ತು. ನೆಲದ ಮೇಲೆ ಕೂತು ಆ ಪುಟವನ್ನು ಮೂರು ಸಲ ಓದಿದರು. ತಣ್ಣಗಿನ ಕೈ ಅಂತ ಬರೆದಿತ್ತು. ತಳ್ಳಿತು ಎಂದೂ ಇರಲಿಲ್ಲ, ಹಿಡಿಯಿತು ಎಂದೂ ಇರಲಿಲ್ಲ. ಮಾಹಿರಾ ಅಜ್ಜಿಯಾಗಿ ಎದ್ದು ನಿಂತಳು. ಆದಿ ಹಿಂದೆ ನಿಂತು ಅವಳ ಬೆನ್ನಿಗೆ ಕೈ ಇಟ್ಟಳು.

“ನೋಡು, ಹಿಂಗೆ ಇಟ್ರೆ ನಾನು ಮುಂದಕ್ಕೆ ಬೀಳ್ತೀನಿ.”

“ನೀನು ಮೊದ್ಲೇ ಹಿಂದಕ್ಕೆ ಬೀಳ್ತಿದ್ರೆ?”

ಮಾಹಿರಾ ಕನ್ನಡಕ ಮೇಲೇರಿಸಿಕೊಂಡು ಯೋಚಿಸಿದಳು. ಬೆಲ್ ಹೊಡೆಯಿತು.

“ಇದು ಮುಗಿದಿಲ್ಲ,” ಎಂದಳು ಅವಳು. “ನಾಳೆ ಊಟ ಆದ್ಮೇಲೆ ಬಾ. ನಾನು ಸೋತಿಲ್ಲ ಆಯ್ತಾ?” ಕೈಯಲ್ಲಿದ್ದ ಎರಡು ಹಾಳೆಯನ್ನು ಆದಿಗೆ ಕೊಟ್ಟು ತನ್ನ ಕ್ಲಾಸಿಗೆ ಓಡಿದಳು.

ಆದಿ ಚಾರ್ಟಿನ ಮುಂದೆ ನಿಂತಳು. ಫೈವ್ ಸ್ಟಾರ್ ಚೀಟಿಗಳ ಸಾಲಿನಲ್ಲಿ ತನ್ನ ಚೀಟಿ ಯಾವುದೆಂದು ಅವಳೇ ಹುಡುಕಬೇಕಾಯಿತು. ಅದನ್ನು ಬಿಡಿಸಿ ತೆಗೆದಳು.

“ಮತ್ತೆ ಚೇಂಜಾ?” ಎಂದರು ಮೇಜಿನ ಹಿಂದಿದ್ದ ಮಾರಿಯಾ ಮಿಸ್.

“ಹೂಂ ಮಿಸ್. ನಾಳೆ ತರ್ತೀನಿ. ಬುಕ್ ಮತ್ತೆ ಒಂದ್ಸಲ ತಗೊಳ್ಲಾ?”

ಮಿಸ್ ರಿಜಿಸ್ಟರ್ ತೆರೆದು ಪೆನ್ನು ಕೊಟ್ಟರು.

ಕ್ಲಾಸಿಗೆ ಹೋದಾಗ ಜಗನ್, “ಏನ್ ದೆವ್ವದ ಫ್ರೆಂಡು, ಲೇಟು?” ಎಂದ. ಎರಡು ಬೆಂಚಿನವರು ನಕ್ಕರು. ಆದಿಯ ಕಿವಿ ಬಿಸಿಯಾಯಿತು. ಅವಳು ತನ್ನ ಜಾಗಕ್ಕೆ ಹೋಗಿ ಕೂತಳು.

ಆ ಸಂಜೆ ಮನೆಗೆ ಬಂದವಳೇ ಮಾಹಿರಾಳ ಹಾಳೆ ಬಿಡಿಸಿದಳು. ಒತ್ತಿ ಒತ್ತಿ ಬರೆದ ಅಕ್ಷರ. ಆದಿಯ ಚೀಟಿಯ ಒಂದೊಂದು ವಾಕ್ಯವನ್ನೂ ನೆನಪಿನಿಂದ ಬರೆದು, ಅದರ ಕೆಳಗೆ ‘ಇದು ತಪ್ಪು, ಯಾಕೆಂದರೆ’ ಎಂದು ಶುರು ಮಾಡಿದ್ದಳು. ಹರಿದು ಹಾಕಿದ ಚೀಟಿ ಪೂರ್ತಿ ಅಲ್ಲಿತ್ತು. ಕೊನೆಯ ವಾಕ್ಯದ ಕೆಳಗೆ ಮಾತ್ರ ಬೇರೆ ಥರ ಬರೆದಿತ್ತು: ‘ಎಲ್ಲಿಗೆ ಹೋದಳು ಅಂತ ನನಗೂ ಗೊತ್ತಾಗಲಿಲ್ಲ. ಇದನ್ನು ನಾನು ಯೋಚನೆ ಮಾಡಿರಲಿಲ್ಲ.’

ಆದಿ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ಪುಸ್ತಕ ತೆರೆದು, ಪೆನ್ಸಿಲ್ ಹಿಡಿದು ಕೂತಳು.

ಅಮ್ಮ ಬಂದಾಗ ನೆಲದ ಮೇಲೆಲ್ಲ ಹಾಳೆ ಹರಡಿತ್ತು.

“ಏನೇ ಇದು, ಪ್ರಾಜೆಕ್ಟಾ?”

“ಇಲ್ಲಮ್ಮ. ನಾಳೆ ಒಬ್ಳ ಜೊತೆ ಜಗಳ ಇದೆ.”

ಅಮ್ಮ ಬ್ಯಾಗು ಇಳಿಸುವುದನ್ನೂ ಮರೆತು ನಿಂತಳು. “ಯಾರೇ ಅವ್ಳು? ಏನಂದ್ಲು ನಿಂಗೆ?”

“ಮಾಹಿರಾ ಅಂತ, ಬಿ ಸೆಕ್ಷನ್. ನಾನ್ ಬರ್ದಿದ್ದೆಲ್ಲಾ ತಪ್ಪು ಅಂತಾಳೆ,” ಎಂದ ಆದಿ ಮಾಹಿರಾಳ ಹಾಳೆ ಎತ್ತಿ ತೋರಿಸಿದಳು. “ಆದ್ರೆ ಪೂರ್ತಿ ಓದಿದಾಳಮ್ಮ. ಒಂದ್ ಲೈನೂ ಬಿಟ್ಟಿಲ್ಲ.”

ಅಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಹಾಳೆಗಳನ್ನು ತುಳಿಯದ ಹಾಗೆ ಗೋಡೆಯಂಚಿನಲ್ಲೇ ನಡೆದು ಅಡುಗೆಮನೆಗೆ ಹೋದಳು. ಆದಿ ಪುಟ ನೂರ ಹದಿಮೂರನ್ನು ತಿರುಗಿಸಿದಳು.