ಕೈಗೆ ಸಿಗದವನು

ಟೇಪು ಗಾಳಿಯನ್ನು ಅಳೆಯಿತು.

ಗ್ಲೌಸ್ ಅಂಗಡಿಯ ಹುಡುಗಿ ಮತ್ತೊಮ್ಮೆ ಅವನ ಅಂಗೈ ಸುತ್ತ ಟೇಪು ತಂದಳು. ಕೈ ಮತ್ತೆ ಮಾಯ. ಮೇಜಿನ ಮೇಲಿದ್ದದ್ದು ಅವನ ಬೆನ್ನ ಹಿಂದೆ ಹೋಗಿತ್ತು. ಯಾವಾಗ ಹೋಯಿತೆಂದು ಅವನಿಗೂ ತಿಳಿಯಲಿಲ್ಲ.

"ನಾನು ಕಚ್ಚಲ್ಲ ಸಾರ್."

"ನಂಗೊತ್ತು. ಕೈಗೆ ಗೊತ್ತಿಲ್ಲ."

ಬೀದಿಯವರೆಲ್ಲ ಅವನನ್ನು ಮಿಂಚು ಎಂದೇ ಕರೆಯುತ್ತಿದ್ದರು. ಎದುರಿನ ಬೇಕರಿಯಲ್ಲಿ ಅಕ್ಕನ ಜೊತೆ ಕೆಲಸ. ಚಿಕ್ಕಂದಿನಲ್ಲಿ ಅಕ್ಕ ಆಡಿಸುತ್ತಿದ್ದದ್ದು ಒಂದೇ ಆಟ: ಇವನು ಅಂಗೈ ಚಾಚಬೇಕು, ಅವಳು ಹೊಡೆಯುತ್ತಾಳೆ, ಪೆಟ್ಟು ಬೀಳುವ ಮೊದಲು ಕೈ ಎಳೆದುಕೊಳ್ಳಬೇಕು. ಅಕ್ಕನ ಕೈ ಆಗಲೇ ಕಲ್ಲು. ಹಾಗಾಗಿ ಇವನು ಬೇಗ ಕಲಿತ.

ಈಗ ಅದೇ ಆಟದಲ್ಲಿ ವಿಶ್ವದಾಖಲೆ ಮಾಡಿಸಲೇಬೇಕೆಂದು ಅಕ್ಕನ ಹಟ. ನೂರು ಜನ ಸಾಲಾಗಿ ಬಂದು ಹೊಡೆಯಬೇಕು, ಒಬ್ಬರ ಬೆರಳೂ ತಾಗಬಾರದು. "ಹಾರೋ ನೊಣಾನ ಕಡ್ಡೀಲಿ ಹಿಡಿದೋರಿಗೂ ದಾಖಲೆ ಕೊಡ್ತಾರಂತೆ ಕಣೋ. ನಿಂಗೇನು ಕಮ್ಮಿ?" ಎನ್ನುತ್ತಿದ್ದಳು.

ಒಲೆ ಕೆಲಸಕ್ಕೆಂದು ಹುಡುಗಿ ಅಂದಾಜಿನ ಮೇಲೆ ಕೊಟ್ಟ ಚರ್ಮದ ಗ್ಲೌಸು ದೊಡ್ಡದಾಯಿತು. ಬದಲಾಯಿಸಲು ಬಂದ. ಚಿಕ್ಕದಾಯಿತು. ಮತ್ತೆ ಬಂದ. ಮೂರನೆಯದು ಸರಿಯಾಗಿಯೇ ಇತ್ತು, ಆದರೂ ಬಂದ.

"ಹೆಬ್ಬೆರಳು ಸ್ವಲ್ಪ ಬಿಗಿ."

"ಬಿಗಿಯಾಗಿರೋದು ಹೆಬ್ಬೆರಳಾ, ನೆಪಾನಾ?"

ಅವಳ ಒಂದು ಹುಬ್ಬು ಮೇಲೇರಿತು. ತುಟಿಯ ಕೊನೆಯಲ್ಲಿ ನಗು ಇಣುಕಿ, ಒಳಗೆ ಹೋಗಿ, ಮತ್ತೆ ಇಣುಕಿತು. ಅವನ ಕಿವಿ ಒಲೆಯಿಂದ ತೆಗೆದ ಬನ್ನಿನ ಬಣ್ಣಕ್ಕೆ ತಿರುಗಿತು. ಆಗ ಅವಳು ಟೇಪಿಲ್ಲದೆ, ಸುಮ್ಮನೆ, ಅವನ ಕೈ ಮೇಲೆ ಕೈ ಇಡಲು ಹೋದಳು.

ಮೇಜು ಖಾಲಿ.

ಅವಳ ನಗು ಆರಿತು. ತನ್ನ ಬೆರಳ ತುದಿಗಳನ್ನೇ ನೋಡಿಕೊಂಡಳು.

"ಚರ್ಮ ಹೊಲಿದು ಹೊಲಿದು ಬೆರಳು ಒರಟಾಗಿದೆ, ಒಪ್ತೀನಿ. ಅಷ್ಟಕ್ಕೇ ಇಷ್ಟು ಅಸಹ್ಯಾನಾ?"

"ಅಯ್ಯೋ, ಅದು ನಾನಲ್ಲ, ಅದು..."

"ನಿಮ್ಮ ಕೈ. ಅದನ್ನ ಕೂರಿಸ್ಕೊಂಡು ಬುದ್ಧಿ ಹೇಳಿ. ಅಲ್ಲೀವರೆಗೆ ಇಲ್ಲಿಗೆ ಬರಬೇಡಿ."

ಅವನು ನಿಜಕ್ಕೂ ಹಾಗೇ ಮಾಡಿದ. ಮೈದಾ ಮೂಟೆಯ ಮೇಲೆ ಬಲಗೈ ಇಟ್ಟು ಬಯ್ಯುತ್ತಿದ್ದಾಗ ಅಕ್ಕ ಬಂದಳು.

"ಯಾರಿಗೋ ಬೈತಿರೋದು?"

"ಕೈಗೆ."

"ದಾಖಲೆ ಮುಗಿಯೋವರೆಗೆ ತಡ್ಕೋ. ಆಮೇಲೆ ಹುಚ್ಚು ಹಿಡಿಸ್ಕೋ."

ದಾಖಲೆಯ ದಿನ ಹಾಲ್ ತುಂಬಿತು. ಅಂಚೆಯವನ ಪೆಟ್ಟು ಮೇಜಿಗೆ ಬಿತ್ತು. ಕ್ಷೌರಿಕನ ಪೆಟ್ಟು ಅವನದೇ ತೊಡೆಗೆ. ಹಲ್ಲಿನ ಡಾಕ್ಟರು ಜೋರಾಗಿ ಬೀಸಿ ಮುಗ್ಗರಿಸಿ ಬಿದ್ದು, ಸ್ವಂತ ಹಲ್ಲು ಮುಟ್ಟಿ ನೋಡಿಕೊಂಡರು. ಮಿಂಚು ಯಾರ ಕೈಗೂ ಸಿಗಲಿಲ್ಲ. ಕೊನೆಯ ಸ್ಥಾನದಲ್ಲಿ ನಿಲ್ಲಬೇಕಾದವರೇ ಬರಲಿಲ್ಲ. ಅಕ್ಕ ರಸ್ತೆ ದಾಟಿ ಓಡಿ, ಕಣ್ಣಿಗೆ ಬಿದ್ದವರನ್ನು ಎಳೆದು ತಂದಳು.

ಗ್ಲೌಸ್ ಅಂಗಡಿಯ ಹುಡುಗಿ. ಕುತ್ತಿಗೆಯಲ್ಲಿ ಟೇಪು ಇನ್ನೂ ನೇತಾಡುತ್ತಿತ್ತು.

ತೀರ್ಪುಗಾರರು ಸೀಟಿ ಊದಿದರು. ಅವಳು ಕೈ ಎತ್ತಲಿಲ್ಲ. ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟಳು.

"ನಾನು ಹೊಡೆಯಲ್ಲ," ಎಂದಳು ಮೆಲ್ಲಗೆ. "ಇನ್ನೊಂದು ಸೀಟಿ ಆಗೋವರೆಗೆ ಸುಮ್ನೆ ನಿಲ್ಲಿ. ದಾಖಲೆ ನಿಮ್ಮದು. ನಿಮ್ಮನ್ನ ಮುಟ್ಟೋ ಗೋಜಿಗೂ ನಾನು ಹೋಗಲ್ಲ."

ಅವಳ ಬೆರಳುಗಳ ತುಂಬ ಸೂಜಿ ಚುಚ್ಚಿದ ಚುಕ್ಕೆಗಳು. ಅವನ ಕೈ ಹೊರಟಿತು. ಅಭ್ಯಾಸಬಲದಿಂದ ಹಿಂದಕ್ಕೆ ಹಾರಿತು. ಮತ್ತೆ ಹೊರಟಿತು, ಅರ್ಧ ದಾರಿಯಲ್ಲಿ ನಿಂತಿತು. ಅವನು ಹಲ್ಲು ಕಚ್ಚಿ ಅದನ್ನು ಮುಂದಕ್ಕೆ ದಬ್ಬಿದ. ಅದು ಅವಳ ಅಂಗೈ ಮೇಲೆ ಬಂದು ಮಲಗಿತು. ಬೆಚ್ಚಗಿತ್ತು. ಅವಳು ಬೆರಳು ಮಡಚಿದಳು.

ತೀರ್ಪುಗಾರರ ಬಾಯಿಂದ ಸೀಟಿ ಜಾರಿತು. "ಇವರು ನಿಮ್ಮ ಕೈ ಹಿಡಿದ್ರೋ, ನೀವು ಇವರ ಕೈ ಹಿಡಿದ್ರೋ?"

"ಯಾವುದಾದ್ರೆ ದಾಖಲೆ ಹೋಗುತ್ತೆ?" ಎಂದ ಮಿಂಚು.

"ಎರಡರಲ್ಲೂ ಹೋಗುತ್ತೆ."

"ಹಾಗಾದ್ರೆ ಎರಡೂ ಅಂತ ಬರ್ಕೊಳ್ಳಿ."

ಅಕ್ಕ ತಲೆ ಮೇಲೆ ಕೈ ಹೊತ್ತಳು. "ಪಾಪಿ! ಕೊನೇ ಗಳಿಗೇಲಿ ಕೈ ಕೊಟ್ಬಿಟ್ಯಲ್ಲೋ!"

"ಹೌದು ಅಕ್ಕ," ಎಂದಳು ಹುಡುಗಿ, ಹಿಡಿತ ಸಡಿಲಿಸದೆ. "ನಂಗೇ ಕೊಟ್ರು."