ಫ್ಲೆಕ್ಸಿನ ಕೊನೇ ಸಾಲು

"ಈ ಸಾಲು ತೆಗೀರಿ!"

ಯಶೋಧರಾ ಬೆಚ್ಚಿ ತಲೆ ಎತ್ತಿದಳು. ಹೊನ್ನಾಳಿ ಬಸ್‌ಸ್ಟ್ಯಾಂಡ್ ಎದುರಿನ ಫ್ಲೆಕ್ಸ್ ಅಂಗಡಿಯಲ್ಲಿ ಅವಳಿಗೆ ಅದು ಮೂರನೇ ತಿಂಗಳು. ಎದುರಿಗೆ, ಹೆಗಲಿಗೆ ಟಿಕೆಟ್ ಚೀಲ ಹಾಕಿಕೊಂಡ ಯುವಕ. ಜಗಳೂರು ಬಸ್ಸಿನ ಕಂಡಕ್ಟರ್ ರಘುನಾಥ. ಕಣ್ಣು ಕೆಂಪಾಗಿದ್ದವು.

ಕಂಪ್ಯೂಟರಿನಲ್ಲಿ ತೀರಿಹೋದ ಅವನ ಅಕ್ಕನ ಫೋಟೊ. ಕೆಳಗೆ, 'ಎಂದೆಂದಿಗೂ ನಿಮ್ಮ ನೆನಪಿನಲ್ಲಿ'.

"ಎಲ್ಲರೂ ಅದನ್ನೇ ಹಾಕಿಸ್ತಾರ್ರೀ..." ಎಂದಳು ಅವಳು. ಆ ಸಾಲು ಮೊದಲೇ ರೆಡಿ ಇರುತ್ತಿತ್ತು. ಫೋಟೊ, ಹೆಸರು ಬದಲಾಯಿಸಿದರೆ ಮುಗೀತು.

"ನನಗೆ ಬ್ಯಾಡ. ಹೆಸರು, ತಾರೀಖು ಸಾಕು."

'ಒಡಹುಟ್ಟಿದವಳಿಗೆ ಇಷ್ಟೂ ಇಲ್ವಾ? ಎಂಥ ಕಲ್ಲು ಮನಸ್ಸು!' ಎಂದುಕೊಂಡೇ ಅಳಿಸಿದಳು.

ವಾರದ ಮೇಲೆ ಅವನೇ ಎರಡು ಟೀ ಹಿಡಿದು ಬಂದ.

"ಆಸ್ಪತ್ರೇಲಿ ತೆಗೆದ ಫೋಟೊ ಅದು. ಅಕ್ಕನ ಮೂಗಿನ ಪೈಪು ಅಳಿಸಿದ್ರಲ್ರೀ... ನಾನು ಹೇಳಿರಲಿಲ್ಲ."

ಅಷ್ಟೇ ಅಂದ. ಆಮೇಲೆ ದಿನಾ ಹನ್ನೊಂದಕ್ಕೆ ಬಸ್ಸು ನಿಂತರೆ ಟೀ ಬರುತ್ತಿತ್ತು.

"ಏನವ್ವಾ, ಕಂಡಕ್ಟರ್ ಸಾಹೇಬ್ರಿಗೆ ನಮ್ಮ ಅಂಗಡೀನೂ ಒಂದು ಸ್ಟಾಪಾ?" ಮಾಲೀಕ ಬಂಗಾರಪ್ಪ ಕಿಚಾಯಿಸುತ್ತಿದ್ದ. ಅವಳು ಮುಖ ಮುಚ್ಚಿಕೊಳ್ಳುತ್ತಿದ್ದಳು. ರಾತ್ರಿ ಬರೆಯುವ ಅವಳ ಡೈರಿಯ ತುಂಬ ಅವನು ಬರುವ ಹನ್ನೊಂದು ಗಂಟೆಯ ಮಾತೇ!

ನಾಲ್ಕು ತಿಂಗಳಿಗೆ ಅವನು ಕೇಳಿಯೇಬಿಟ್ಟ. "ನನ್ನ ಮದುವೆ ಆಗ್ತೀರಾ?"

ಅವಳು ಟೀ ಲೋಟ ಕೆಳಗಿಟ್ಟಳು. "ಎಂದೆಂದಿಗೂ ನನ್ನ ಜೊತೆ ಇರ್ತೀರಾ?"

ಅವನ ಮುಖ ಬಾಡಿತು. "ಆ ಮಾತು ನಾನು ಆಡಲ್ರೀ."

"ಹಂಗಾದ್ರೆ ನಾಳೆಯಿಂದ ಬರಬ್ಯಾಡ್ರಿ!"

ಅವನು ಬರಲಿಲ್ಲ. ಬಸ್ಸು ಬರುತ್ತಿತ್ತು, ಅವನು ಇಳಿಯುತ್ತಿರಲಿಲ್ಲ. ಅತ್ತ ಮನೆಯಲ್ಲಿ, "ಶುಕ್ರವಾರ ನ್ಯಾಮತಿಯಿಂದ ಗಂಡಿನ ಕಡೆಯವರು ನೋಡಾಕೆ ಬರ್ತಾರೆ" ಎಂದಳು ಅವ್ವ.

ಗುರುವಾರ ಹನ್ನೊಂದಕ್ಕೆ ಯಶೋಧರಾ ಕಂಪ್ಯೂಟರ್ ಬಿಟ್ಟು ಎದ್ದು ಹೋಗಿ ಬಸ್ಸು ಹತ್ತಿದಳು. ಆ ಮಾತು ಯಾಕೆ ಆಡಲ್ಲ ಅಂದ? ಅದೊಂದು ಗೊತ್ತಾಗಬೇಕಿತ್ತು!

"ಎಲ್ಲಿಗೆ?" ಅವನು ಮುಖ ನೋಡಲಿಲ್ಲ.

"ಜಗಳೂರು."

ಜಗಳೂರು ಹತ್ತಿರವಾದಂತೆ ರಸ್ತೆ ಬದಿಗೆ ಒಣಹಾಕಿದ ಮೆಕ್ಕೆಜೋಳದ ರಾಶಿಗಳು. ಅವುಗಳ ಮೇಲೆ ಹೊದಿಸಿದ್ದು... ಫ್ಲೆಕ್ಸು! ಅವಳೇ ಮಾಡಿದ ಫ್ಲೆಕ್ಸುಗಳೂ ಇದ್ದವು. ಹಾರದ ನಡುವೆ ನಗುವ ಅಜ್ಜನ ಹಣೆಯ ಮೇಲೆ ಕಲ್ಲು ಹೇರಿದ್ದರು. ಒಬ್ಬ ತಾಯಿಯ ಕೆನ್ನೆಯ ಮೇಲೆ ನಾಯಿ ಮಲಗಿತ್ತು. ಎಲ್ಲದರ ಕೆಳಗೂ ಅದೇ ಸಾಲು. 'ಎಂದೆಂದಿಗೂ...'

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

ಅವನು ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ. "ನಮ್ಮ ಅವ್ವನ್ನೂ ಹಿಂಗೇ ಕಂಡೆ. ಸತ್ತು ಮೂರು ತಿಂಗಳಾಗಿತ್ತು. ಆ ಮಾತು ಬರೆಸಿದ್ದೂ ಅಪ್ಪನೇ, ಜೋಳಕ್ಕೆ ಹೊದಿಸಿದ್ದೂ ಅಪ್ಪನೇ. ಅಷ್ಟೊತ್ತಿಗೆ ಹೊಸಬಳು ಮನೆಗೆ ಬಂದಿದ್ದಳು."

"ಅಕ್ಕನ ಫ್ಲೆಕ್ಸು...?"

ಅವನು ಡ್ರೈವರ್ ಸೀಟಿನ ಹಿಂದೆ ಬೆರಳು ತೋರಿಸಿದ. ಹಳೇ ಲುಂಗಿಯಲ್ಲಿ ಸುತ್ತಿ ಇಟ್ಟ ಸುರುಳಿ. "ನನ್ನ ಜೊತೇಲೇ ತಿರುಗ್ತಾಳೆ."

ಯಶೋಧರಾಳ ಕಣ್ಣು ತುಂಬಿದವು. 'ಕಲ್ಲು ಮನಸ್ಸು ಯಾರದ್ದಿತ್ತು?' ಮೊಬೈಲ್ ತೆಗೆದಳು. ಮನೆಗೆ ಫೋನ್ ಹಚ್ಚಿದಳು.

"ಅವ್ವಾ, ನಾಳೆ ನ್ಯಾಮತಿಯವರಿಗೆ ಬರಬ್ಯಾಡ ಅಂತ ಹೇಳು... ಸಂಜೆ ಬಂದು ಎಲ್ಲ ಹೇಳ್ತೀನಿ."

ರಘುನಾಥ ಈಗ ಅವಳ ಮುಖ ನೋಡಿದ.

"ನಾಳೆ ನನ್ನ ಜೊತೆ ಇರ್ತೀರಾ?" ಎಂದಳು ಮೆಲ್ಲಗೆ.

"ಇರ್ತೀನಿ."

"ನಾಡಿದ್ದು?"

"ಅದು ನಾಳೆ ಕೇಳ್ರಿ. ಹೇಳ್ತೀನಿ."

"ದಿನಾ ಕೇಳ್ತೀನಿ ನೋಡ್ರಿ..."

"ಕೇಳ್ರಿ. ಒಂದಿನ ಕೇಳದೇ ಹೋದ್ರೆ, ನಾನೇ ನೆನಪು ಮಾಡ್ತೀನಿ."