ನಾಲ್ಕು ನಿಮಿಷ ಕಡಿಮೆ

ಇನ್ನೂ ಯಾರಿಗೂ ತೋರಿಸದ ನನ್ನ ಸಿನಿಮಾ ಹುಲಿಯಾಕಾ ಪಟ್ಟಣದ ಸಂತೆಯಲ್ಲಿ ಓಡುತ್ತಿತ್ತು!

ಬಸೀಲಿಯಾಳ ಡಿವಿಡಿ ಅಂಗಡಿಯ ಟಿ.ವಿ.ಯಲ್ಲಿ ನನ್ನ ಲಾಮಾಗಳು, ನನ್ನ ಉಪ್ಪಿನ ಮೂಟೆಗಳು, ನನ್ನದೇ ಹೆಸರು: ನಿರ್ದೇಶನ, ನಿಯೆವೆಸ್ ಕಲ್ಸೀನಾ. ಐದು ನಿಮಿಷ ನೋಡಿದೆ. ಮುಂದೆ ನೋಡಲಾಗಲಿಲ್ಲ.

"ನಾಚಿಕೆ ಆಗಲ್ವಾ?" ಎಂದು ಅಂಗಡಿಯೊಳಗೇ ನುಗ್ಗಿದೆ. "ನನ್ನ ಅನ್ನಕ್ಕೇ ಕಲ್ಲು ಹಾಕ್ತೀಯಾ?"

ಬಸೀಲಿಯಾ ಬೇಯಿಸಿದ ಜೋಳದ ತೆನೆ ಕೆಳಗಿಡಲಿಲ್ಲ. "ಕೂಗಾಡ್ಬೇಡ, ಕೂತ್ಕೋ. ಹೊರದೇಶದ ಸಿನಿಮಾ ಕದ್ದು ಮಾರ್ತೀನಿ, ಇಲ್ಲ ಅನ್ನಲ್ಲ. ಆದ್ರೆ ನಮ್ಮೂರವರ ಸಿನಿಮಾ? ಅದನ್ನ ಮಾಡಿದವರ ಕೈಯಿಂದಲೇ ತಗೊಂಡು ಮಾರೋದು. ನಿನ್ನ ಹಿಂದಿನ ಮೂರನ್ನೂ ಹಾಗೇ ಮಾರಿದ್ದು, ಮರೆತ್ಯಾ? ಇದನ್ನ ಪಕ್ಕದ ಸಾಲಲ್ಲಿ ಕೊಂಡು ತಂದೆ, ನಿಂಗೆ ತೋರಿಸೋಣ ಅಂತ. ಎರಡು ಸಲ ಪೂರ್ತಿ ನೋಡಿದೀನಿ."

ಕೂತೆ. ಹುಯ್ಚುಪಂಪ ಎಂಬ ಹಳ್ಳಿಯ ಜನರೆಲ್ಲ ಈ ಸಿನಿಮಾದಲ್ಲಿ ಪುಕ್ಕಟೆಯಾಗಿ ನಟಿಸಿದ್ದರು. ಬದಲಿಗೆ ಕೇಳಿದ್ದು ಒಂದೇ ಮಾತು: ಮೊದಲು ನಮ್ಮ ಶಾಲೆಯ ಗೋಡೆಯ ಮೇಲೆ ತೋರಿಸಬೇಕು. ಆ ದಿನ ಬರುವ ಶನಿವಾರ. ಸಂತೆಯ ಸುದ್ದಿ ಅಲ್ಲಿಗೆ ಮುಟ್ಟಿದರೆ? ನಿಯೆವೆಸ್ ನಮ್ಮನ್ನು ಮಾರಿಕೊಂಡಳು ಎನ್ನುತ್ತಾರೆ. ಆಮೇಲೆ ಈ ಬಯಲಿನ ಯಾವ ಊರೂ ನನ್ನ ಕ್ಯಾಮೆರಾಗೆ ಬಾಗಿಲು ತೆರೆಯುವುದಿಲ್ಲ. ನನಗೆ ಬೇರೆ ಕಸುಬೂ ಗೊತ್ತಿಲ್ಲ.

"ಪ್ರತಿ ಯಾರ‍್ಯಾರ ಹತ್ರ ಇತ್ತು?" ಎಂದು ಕೇಳಿದಳು ಬಸೀಲಿಯಾ.

"ಮೂವರ ಹತ್ರ. ಅರೆಕಿಪಾದಲ್ಲಿ ಸಂಕಲನ ಮಾಡಿದ ವಿಲ್ಬರ್. ಜಾಹೀರಾತಿಗೆ ಅಂತ ಕೇಬಲ್ ಟಿ.ವಿ.ಯ ಅಬ್ದೋನ್. ಧ್ವನಿ ನೋಡಿಕೊಂಡ ಫಿದೆನ್ಸಿಯೊ."

ಫಿದೆನ್ಸಿಯೊನನ್ನು ಲೆಕ್ಕಕ್ಕೆ ಸೇರಿಸಿದ್ದಕ್ಕೇ ನನಗೆ ಕಸಿವಿಸಿಯಾಯಿತು. ನನ್ನ ಮಗಳ ಮೊದಲ ಕೂದಲು ಕತ್ತರಿಸುವ ಶಾಸ್ತ್ರ ಮಾಡಿದವರು ಅವರು. ಅಂದಿನಿಂದ ಅವರು ನನಗೆ ಕೊಂಪಾದ್ರೆ, ನಾನು ಅವರಿಗೆ ಕೊಮಾದ್ರೆ. ಒಡಹುಟ್ಟಿದವರಿಗಿಂತ ಹತ್ತಿರ.

ಬಸೀಲಿಯಾ ನನ್ನ ಫೋನು ಕಿತ್ತುಕೊಂಡು ವಿಲ್ಬರ್‌ಗೆ ಹಚ್ಚಿದಳು. ಕಳ್ಳತನದ ಸುದ್ದಿಯೇ ಎತ್ತಲಿಲ್ಲ!

"ಏನಪ್ಪಾ, ಈ ಸಿನಿಮಾದಲ್ಲಿ ನಿಂಗೆ ತುಂಬಾ ಹಿಡಿಸಿದ್ದು ಯಾವ ದೃಶ್ಯ?"

"ಉಪ್ಪು ಮಾರೋ ತಾತ ಹಾಡ್ತಾನಲ್ಲಾ, ಅದೇ! ಮುಂದಿನ ಸಿನಿಮಾಕ್ಕೂ ಅವರನ್ನೇ ಕರೀರಿ ಅಂತ ನಿಯೆವೆಸ್‌ಗೆ ಹೇಳಿ."

ಆಮೇಲೆ ಅಬ್ದೋನ್. "ಮುದುಕನ ಹಾಡು, ಇನ್ನೇನು? ಜಾಹೀರಾತಿಗೆ ಅದನ್ನೇ ತೆಗೆದಿಟ್ಟಿದೀನಿ. ಮುದುಕನ್ನ ಒಂದಿನ ಸ್ಟುಡಿಯೋಗೆ ಕರ್ಕೊಂಡು ಬನ್ನಿ, ಸಂದರ್ಶನ ಮಾಡೋಣ."

"ಇದೇನು ಹುಚ್ಚು ಪ್ರಶ್ನೆ?" ಎಂದು ರೇಗಿದೆ.

"ಸುಮ್ನಿರು. ನಿನ್ನ ಕೊಂಪಾದ್ರೆಯನ್ನ ಕರೆಸು."

ಫಿದೆನ್ಸಿಯೊ ಅರ್ಧ ಗಂಟೆಯಲ್ಲಿ ಬಂದರು. ಡಿಸ್ಕ್ ನೋಡಿ ತಲೆ ಮೇಲೆ ಕೈ ಹೊತ್ತರು. "ಅಯ್ಯೋ ಕೊಮಾದ್ರೆ! ಯಾವ ಪಾಪಿ ಮಾಡಿದ್ದು ಇದನ್ನ? ಆ ವಿಲ್ಬರ್‌ನ ನಂಬಬೇಡಿ ಅಂದಿರ್ಲಿಲ್ವಾ?"

"ನಿಮಗೆ ಇಷ್ಟವಾದ ದೃಶ್ಯ ಯಾವುದಣ್ಣಾ?" ಎಂದಳು ಬಸೀಲಿಯಾ.

"ಸೂರ್ಯ ಹುಟ್ಟೋದು."

"ತಾತನ ಹಾಡು ಚೆನ್ನಾಗಿಲ್ವಾ?"

ಅವರು ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡರು. "ತೀರಿಕೊಂಡವರ ಮಾತು ಈಗ ಯಾಕಕ್ಕಾ?"

ಬಸೀಲಿಯಾ ನನ್ನತ್ತ ತಿರುಗಿದಳು. "ನಿನ್ನ ಸಿನಿಮಾ ಎಷ್ಟು ಹೊತ್ತಿನದು?"

"ತೊಂಬತ್ತು ನಿಮಿಷ."

"ಈ ಡಿಸ್ಕ್ ಎಂಬತ್ತಾರು. ತಾತನ ಹಾಡು ಇದರಲ್ಲಿ ಇಲ್ವೇ ಇಲ್ಲ."

"ಇಲ್ವಾ? ಹಾಗಾದ್ರೆ ಆ ದೃಶ್ಯ ಇದೆ ಅಂತ ನಿಂಗೆ ಹೇಗೆ ಗೊತ್ತು?"

"ಚಿತ್ರೀಕರಣ ಮುಗಿಸಿ ಬಂದಾಗ ನೀನೇ ಇಲ್ಲಿ ಕೂತು ಗಂಟೆಗಟ್ಟಲೆ ಅದನ್ನೇ ಹೊಗಳಿದ್ಯಲ್ಲಾ! ಅದಕ್ಕೇ ಹುಡುಕಿದೆ. ಹೇಳು, ಕದ್ದವನು ಎಲ್ಲಕ್ಕಿಂತ ಚಂದದ ದೃಶ್ಯ ಯಾಕೆ ಕತ್ತರಿಸ್ತಾನೆ? ತಾತ ಸತ್ತಿರೋದು ಆ ಇಬ್ಬರಿಗೂ ಗೊತ್ತೇ ಇಲ್ಲ. ಗೊತ್ತಿರೋರು ಯಾರು?"

ತೊರಿಬಿಯೊ ತಾತ ಹೋಗಿ ಶನಿವಾರಕ್ಕೆ ಒಂದು ವರ್ಷ. ಮಣ್ಣು ಮಾಡಿದ ದಿನ ಅವರ ಹೆಂಡತಿ ಅಸುಂತಮ್ಮ ನನ್ನ ಕೈ ಹಿಡಿದು ಬೇಡಿದ್ದರು: ಚರ್ಚಿನಲ್ಲಿ ವರ್ಷದ ಬಲಿಪೂಜೆ ಮುಗಿಯೋವರೆಗೂ ಅವರ ಮುಖಾನ ಸಂತೇಲಿ ಇಡಬೇಡಮ್ಮಾ, ಅವರ ಆತ್ಮ ದಾರಿ ಬಿಟ್ಟು ವಾಪಸ್ ಬರುತ್ತೆ. ಸಿನಿಮಾ ಸಿದ್ಧವಾದ ಮೇಲೂ ನಾನು ಕಾದದ್ದು ಅದಕ್ಕೇ. ವಿಲ್ಬರ್, ಅಬ್ದೋನ್ ಇಬ್ಬರಿಗೂ ಊರವರ ಆಸೆ ಎಂದಷ್ಟೇ ಹೇಳಿದ್ದೆ. ಆ ಮಾತು ಕೇಳಿಸಿಕೊಂಡು ಸಮಾಧಿಯ ಪಕ್ಕ ನನ್ನ ಜೊತೆ ನಿಂತಿದ್ದವರು ಒಬ್ಬರೇ.

ಕತ್ತರಿಸಿದ ಜಾಗ ಹಾಕಿ ನೋಡಿದೆ. ಚಿತ್ರ ಹಾರುತ್ತದೆ, ಗಾಳಿಯ ಸದ್ದು ಮಾತ್ರ ಎಲ್ಲೂ ತುಂಡಾಗಿಲ್ಲ. ಅಷ್ಟು ನಯವಾಗಿ ಹೊಲಿಯುವ ಕೈ ಈ ಊರಿನಲ್ಲಿ ಒಂದೇ ಇದೆ.

"ನೀವಾ, ಕೊಂಪಾದ್ರೆ?"

ಅವರು ಟೋಪಿಯ ಅಂಚು ತಿರುಗಿಸುತ್ತ ನಿಂತರು. "ಹನ್ನೆರಡು ವರ್ಷ ಮೈಕಿನ ಕೋಲು ಹಿಡಿದು ನಿಂತೆ. ಜನ ನಿಯೆವೆಸ್ ಸಿನಿಮಾ ಅಂತಾರೆ, ಅಷ್ಟೇ. ಪಕ್ಕದ ಸಾಲಿನವರು ನನ್ನ ಸ್ವಂತ ಸಿನಿಮಾಕ್ಕೆ ಕ್ಯಾಮೆರಾ ಕೊಡ್ತೀವಿ ಅಂದ್ರು."

"ಕೇಳಿದ್ರೆ ನನ್ನದನ್ನೇ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ರಿ. ಕೇಳೋಕೇ ಆಗ್ಲಿಲ್ಲ."

"ತಾತನ್ನ ಯಾಕೆ ಬಿಟ್ರಿ ಹಾಗಾದ್ರೆ?"

"ಭಯ ಆಯ್ತು ಕೊಮಾದ್ರೆ."

"ನನ್ನ ಭಯ ಆಗ್ಲಿಲ್ವಾ?"

"ಸತ್ತವರು ಕ್ಷಮಿಸಲ್ಲ," ಎಂದರು ಫಿದೆನ್ಸಿಯೊ. "ನೀವು ಕ್ಷಮಿಸ್ತೀರಿ ಅಂದ್ಕೊಂಡಿದ್ದೆ."

ಕದ್ದದ್ದಕ್ಕಿಂತ ಈ ಮಾತೇ ನನಗೆ ಹೆಚ್ಚು ಉರಿಯಿತು.

"ಶನಿವಾರ ಬೆಳಿಗ್ಗೆ ಆರಕ್ಕೆ ಬಸ್ಸು," ಎಂದೆ. "ಹುಯ್ಚುಪಂಪದಲ್ಲಿ ಊರವರ ಮುಂದೆ ನಿಂತು ನೀವೇ ಹೇಳ್ಬೇಕು. ಅಸುಂತಮ್ಮ ಕ್ಷಮಿಸಿದ್ರೆ ಕ್ಷಮಿಸ್ಲಿ. ನಾನು ಕ್ಷಮಿಸಲ್ಲ, ಫಿದೆನ್ಸಿಯೊ."

ಕೊಂಪಾದ್ರೆ ಎನ್ನದೆ ಬರೀ ಹೆಸರು ಹಿಡಿದು ಅವರನ್ನು ಕರೆದದ್ದು ಅದೇ ಮೊದಲು.